ಹವಾಮಾನ ಹೊಂದಾಣಿಕೆ ಹಣದ ಜಾಡು ಹಿಡಿಯುವುದು ಹೇಗೆ? ನಾಗರಿಕ ಸಂಘಟನೆಗಳಿಗೆ ಮಾರ್ಗದರ್ಶಿ

ಹವಾಮಾನ ಬದಲಾವಣೆಯ ಹಣದ ಮಾತು ಬಂದಾಗಲೆಲ್ಲ ಮೊದಲು ಎದುರಾಗುವುದು ದೊಡ್ಡ ದೊಡ್ಡ ಅಂಕಿಗಳು. 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುತ್ತೇವೆ ಎಂದು ಶ್ರೀಮಂತ ದೇಶಗಳು 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಮಾತು ಕೊಟ್ಟವು. ಬಹುತೇಕ ಶ್ರೀಮಂತ ದೇಶಗಳ ಆರ್ಥಿಕ ಕೂಟವಾದ ಒಇಸಿಡಿಯ ಲೆಕ್ಕದಲ್ಲಿ ಆ ಮಾತು ಮೊದಲ ಸಲ ಈಡೇರಿದ್ದು 2022ರಲ್ಲಿ, ಒಟ್ಟು 11,590 ಕೋಟಿ ಡಾಲರ್‌ನೊಂದಿಗೆ. ಅದರಲ್ಲಿ ಹೊಂದಾಣಿಕೆಗೆ, ಅಂದರೆ ಬರ, ನೆರೆ, ಬಿಸಿಗಾಳಿ, ಕಡಲ್ಕೊರೆತಗಳನ್ನು ತಾಳಿಕೊಂಡು ಬದುಕಲು ಬೇಕಾದ ಕೆಲಸಗಳಿಗೆ ಸಿಕ್ಕಿದ್ದು 3,240 ಕೋಟಿ. ಈ ಮೊತ್ತ ಎಷ್ಟರಮಟ್ಟಿಗೆ ನಿಜ ಎಂದು ಸಣ್ಣ ಸಂಘಟನೆಯೊಂದು ಕುಳಿತಲ್ಲಿಂದ ಹೇಳಲಾಗದು. ಆದರೆ ಅದರೊಳಗಿನ ಒಂದು ಯೋಜನೆಯನ್ನು ಹಿಡಿದು, ಹಣ ಎಲ್ಲಿಂದ ಹೊರಟಿತು, ಎಲ್ಲೆಲ್ಲಿ ತಂಗಿತು, ಕೊನೆಗೆ ಯಾವ ಕೆರೆಯಾಗಿ, ಯಾವ ತಡೆಗೋಡೆಯಾಗಿ ನೆಲಕ್ಕಿಳಿಯಿತು ಎಂದು ತೋರಿಸುವುದು ನಾಲ್ಕೈದು ಜನರ ತಂಡಕ್ಕೆ ಸಾಧ್ಯವಿರುವ ಕೆಲಸ. ನೇಪಾಳ, ಫಿಲಿಪ್ಪೀನ್ಸ್, ಉಗಾಂಡ, ಜಾಂಬಿಯಗಳಲ್ಲಿ ನಾಗರಿಕ ಸಂಘಟನೆಗಳು ಕಳೆದ ದಶಕದಲ್ಲೇ ಇದಕ್ಕೆ ಕೈಹಾಕಿದ್ದವು.

ಇಂಗಾಲ ತಗ್ಗಿಸುವ ಯೋಜನೆಯಾದರೆ ಕೊನೆಗೆ ಟನ್ ಎಂಬ ಒಂದು ಅಳತೆ ಇದೆ. ಹೊಂದಾಣಿಕೆಗೆ ಅಂಥ ಒಂದೇ ಮಾಪಕ ಇಲ್ಲ. ಬಾವಿ, ಬೀಜ, ರಸ್ತೆ, ತರಬೇತಿ, ಹವಾಮಾನ ಕೇಂದ್ರ ಎಲ್ಲಕ್ಕೂ ಆ ಹೆಸರು ಹಚ್ಚಬಹುದು. ಹೀಗಾಗಿ ಇಲ್ಲಿ ನಿಗಾ ಇಡುವವರಿಗೆ ಎರಡು ಕೆಲಸ: ಹಣ ತಲುಪಿತೇ ಎಂದು ನೋಡುವುದು, ತಲುಪಿದ್ದು ನಿಜವಾಗಿ ಹೊಂದಾಣಿಕೆಯೇ ಎಂದು ನೋಡುವುದು. ಹೆಚ್ಚಿನ ತಂಡಗಳು ಮೊದಲನೆಯದಕ್ಕೇ ಸುಸ್ತಾಗಿ ಎರಡನೆಯದನ್ನು ಬಿಟ್ಟುಬಿಡುತ್ತವೆ. ನಮ್ಮ ಅಭಿಪ್ರಾಯದಲ್ಲಿ ದೊಡ್ಡ ಸೋರಿಕೆ ಇರುವುದು ಎರಡನೆಯದರಲ್ಲಿ.

ಹೆಜ್ಜೆ 1: ಒಂದೇ ಯೋಜನೆಯನ್ನು ಆರಿಸಿ

ಇಡೀ ದೇಶದ ಹವಾಮಾನ ಬಜೆಟ್ಟನ್ನೇ ಹಿಡಿಯಲು ಹೊರಟ ತಂಡಗಳು ಸಾಮಾನ್ಯವಾಗಿ ಆರು ತಿಂಗಳಲ್ಲಿ ದಾಖಲೆಗಳ ರಾಶಿಯ ಕೆಳಗೆ ಹೂತುಹೋಗುತ್ತವೆ. ಮೊದಲ ಬಾರಿಗೆ ಒಂದು ಯೋಜನೆ ಸಾಕು. ಮಂಜೂರಾಗಿ ಒಂದೂವರೆಯಿಂದ ಮೂರು ವರ್ಷ ಆಗಿರುವುದನ್ನು ಹುಡುಕಿ. ಅದಕ್ಕಿಂತ ಹೊಸದಾದರೆ ನೆಲದ ಮೇಲೆ ಏನೂ ಇರುವುದಿಲ್ಲ. ಮಂಜೂರಾತಿಯಿಂದ ಮೊದಲ ಕಂತಿನವರೆಗೆ ವರ್ಷ ಉರುಳುವುದು ಅಪರೂಪವೇನಲ್ಲ. ಮುಗಿದೇ ಹೋದ ಯೋಜನೆಯಾದರೆ ತಪ್ಪು ಸಿಕ್ಕರೂ ತಿದ್ದಿಸಲು ಹಣ ಉಳಿದಿರುವುದಿಲ್ಲ, ಸಿಬ್ಬಂದಿಯೂ ಚದುರಿರುತ್ತಾರೆ. ಸ್ಥಳಕ್ಕೆ ನಿಮ್ಮ ತಂಡ ಕನಿಷ್ಠ ಎರಡು ಸಲ, ಅದರಲ್ಲಿ ಒಂದು ಸಲ ಮಳೆಗಾಲ ಮುಗಿದ ಮೇಲೆ, ಹೋಗಿಬರುವಂತಿರಬೇಕು.

ತಂಡದಲ್ಲಿ ಲೆಕ್ಕ ಬಲ್ಲವರು ಒಬ್ಬರು, ದಾಖಲೆ ಓದುವ ತಾಳ್ಮೆಯವರು ಇಬ್ಬರು, ಯೋಜನೆಯ ವಿಷಯ (ನೀರು, ಕೃಷಿ, ಕರಾವಳಿ, ಯಾವುದೋ ಅದು) ತಿಳಿದವರು ಒಬ್ಬರು, ಸ್ಥಳೀಯರ ಭಾಷೆಯಲ್ಲಿ ಸಲೀಸಾಗಿ ಮಾತಾಡಬಲ್ಲವರು ಒಬ್ಬರು ಇರಲಿ. ಪೂರ್ಣ ಸುತ್ತಿಗೆ ಹತ್ತರಿಂದ ಹನ್ನೆರಡು ತಿಂಗಳು ಇಟ್ಟುಕೊಳ್ಳಿ. ಇನ್ನೊಂದು ವಿಷಯ ಮೊದಲೇ ಇತ್ಯರ್ಥವಾಗಬೇಕು: ಅದೇ ಯೋಜನೆಯಿಂದ ತರಬೇತಿ ನಡೆಸಲೋ ಸಮೀಕ್ಷೆ ಮಾಡಲೋ ಹಣ ಪಡೆದ ಸಂಘಟನೆ ನಿಗಾ ತಂಡದಲ್ಲಿ ಕೂರಬಾರದು. ಹಾಗೆ ಕೂತರೆ, ವರದಿ ಎಷ್ಟೇ ಸರಿಯಿದ್ದರೂ, ಎದುರು ಪಕ್ಷ ಆ ಒಂದು ಎಳೆ ಹಿಡಿದೇ ಇಡೀ ವರದಿಯನ್ನು ಬಿಚ್ಚಿಹಾಕುತ್ತದೆ.

ಹೆಜ್ಜೆ 2: ಹಣದ ನಕ್ಷೆ ಬರೆಯಿರಿ

ದೊಡ್ಡ ಹಾಳೆಯ ಮೇಲೆ ಎಡದಿಂದ ಬಲಕ್ಕೆ ಹಣ ಕೈ ಬದಲಿಸುವ ಪ್ರತಿ ತಾಣವನ್ನೂ ಚೌಕವಾಗಿ ಬರೆಯಿರಿ. ಉದಾಹರಣೆಗೆ ದಕ್ಷಿಣ ಕೊರಿಯದ ಸಾಂಗ್‌ಡೊದಲ್ಲಿ ಕಚೇರಿ ಇರುವ ಹಸಿರು ಹವಾಮಾನ ನಿಧಿ, ಅಂದರೆ ಜಿಸಿಎಫ್, ನೇರವಾಗಿ ಊರಿಗೆ ಹಣ ಕಳಿಸುವುದಿಲ್ಲ. ದಾನಿ ದೇಶಗಳಿಂದ ನಿಧಿಗೆ, ನಿಧಿಯಿಂದ ಮಾನ್ಯತೆ ಪಡೆದ ಸಂಸ್ಥೆಗೆ (ಅಭಿವೃದ್ಧಿ ಬ್ಯಾಂಕು, ವಿಶ್ವಸಂಸ್ಥೆಯ ಅಂಗಸಂಸ್ಥೆ ಅಥವಾ ದೇಶದೊಳಗಿನ ಸಂಸ್ಥೆ), ಅಲ್ಲಿಂದ ಅನುಷ್ಠಾನ ಮಾಡುವ ಇಲಾಖೆಗೆ, ಇಲಾಖೆಯಿಂದ ಜಿಲ್ಲಾ ಕಚೇರಿಗೆ, ಗುತ್ತಿಗೆದಾರನಿಗೆ. ಇವುಗಳ ಜೊತೆಗೆ ಪ್ರತಿ ದೇಶದಲ್ಲೂ ನಿಧಿಯ ಅಧಿಕೃತ ಸಂಪರ್ಕ ಪ್ರಾಧಿಕಾರ ಒಂದಿರುತ್ತದೆ. ಹಣ ಅದರ ಕೈಯಲ್ಲಿ ಹಾದುಹೋಗದಿದ್ದರೂ ಅದರ ಒಪ್ಪಿಗೆ ಇಲ್ಲದೆ ಯೋಜನೆ ಮುಂದೆ ಹೋಗದು. ನಿಮ್ಮ ಮೊದಲ ಪತ್ರ ಹೋಗಬೇಕಾದದ್ದು ಅಲ್ಲಿಗೆ.

ಚೌಕದಿಂದ ಚೌಕಕ್ಕೆ ಎಳೆದ ಬಾಣದ ಮೇಲೆ ಐದು ಸಂಗತಿ ಬರೆಯಿರಿ: ಮೊತ್ತ, ಅನುದಾನವೋ ಸಾಲವೋ, ಒಪ್ಪಂದದ ದಿನಾಂಕ, ಆ ತಾಣದಲ್ಲಿ ಕಡಿತವಾಗುವ ಶುಲ್ಕ, ಈ ಮಾಹಿತಿ ಸಿಕ್ಕ ದಾಖಲೆ. ಗೊತ್ತಿಲ್ಲದ್ದನ್ನು ಖಾಲಿ ಬಿಡಿ, ಊಹಿಸಿ ತುಂಬಬೇಡಿ. ಮುಂದೆ ಮಾಹಿತಿ ಕೇಳುವಾಗ ನಿಮ್ಮ ಪ್ರಶ್ನೆಪತ್ರಿಕೆ ಆ ಖಾಲಿ ಜಾಗಗಳೇ.

ಶುಲ್ಕದ ಲೆಕ್ಕ ಸಣ್ಣದಲ್ಲ. ಕ್ಯೋಟೊ ಒಪ್ಪಂದದಡಿ ಹುಟ್ಟಿದ ಹೊಂದಾಣಿಕೆ ನಿಧಿ, ಅಂದರೆ ಅಡಾಪ್ಟೇಶನ್ ಫಂಡ್‌ನ ನಿಯಮ ನೋಡಿ: ನೆಲಮಟ್ಟದ ನಿರ್ವಹಣಾ ವೆಚ್ಚಕ್ಕೆ ಯೋಜನೆಯ ಬಜೆಟ್ಟಿನ ಶೇ 9.5ರ ಮಿತಿ, ಮೇಲ್ವಿಚಾರಣೆ ಮಾಡುವ ಸಂಸ್ಥೆಯ ಶುಲ್ಕಕ್ಕೆ ಶೇ 8.5ರ ಮಿತಿ. ಬಜೆಟ್ 100 ಲಕ್ಷ ಡಾಲರ್ ಅಂದುಕೊಳ್ಳಿ. ನಿರ್ವಹಣಾ ವೆಚ್ಚ 9.5 ಲಕ್ಷ ಅದರೊಳಗೇ ಇರುತ್ತದೆ, ಸಂಸ್ಥೆಯ ಶುಲ್ಕ 8.5 ಲಕ್ಷ ಅದರ ಮೇಲೆ ಸೇರುತ್ತದೆ. ನಿಧಿ ಕೊಟ್ಟದ್ದು 108.5 ಲಕ್ಷ, ಕೆಲಸಕ್ಕೆ ಉಳಿದದ್ದು 90.5 ಲಕ್ಷ, ಅಂದರೆ ಶೇ 83ರಷ್ಟು. ಇದು ನಿಯಮದೊಳಗಿನ ಲೆಕ್ಕವೇ, ಹಗರಣವೇನಲ್ಲ. ಆದರೆ ಇಲಾಖೆ, ಜಿಲ್ಲಾ ಘಟಕ, ಸಲಹಾ ಸಂಸ್ಥೆ ಎಲ್ಲವೂ ಉಳಿದ ಹಣದಲ್ಲಿ ಇನ್ನೊಂದು ಸುತ್ತು 'ಆಡಳಿತ ವೆಚ್ಚ' ಎಂದು ಮುರಿದುಕೊಂಡರೆ ಅದನ್ನು ಪ್ರಶ್ನಿಸಬಹುದು. 'ತಾಂತ್ರಿಕ ನೆರವು', 'ಸಾಮರ್ಥ್ಯ ವರ್ಧನೆ' ಎಂಬ ಸಾಲುಗಳಲ್ಲಿ ಅದು ಅಡಗಿರುವ ಸಾಧ್ಯತೆ ಹೆಚ್ಚು.

ದಾಖಲೆಗಳಿಗಾಗಿ ಎಲ್ಲಿ ಹುಡುಕಬೇಕು? ಜಿಸಿಎಫ್ ಹೆಚ್ಚಿನ ಯೋಜನೆಗಳಿಗೆ 'ಎಫ್‌ಪಿ' ಎಂದು ಶುರುವಾಗುವ ಸಂಖ್ಯೆ ಕೊಡುತ್ತದೆ. ಆ ಸಂಖ್ಯೆಯಡಿ ಮೂಲ ಪ್ರಸ್ತಾವ, ಮಂಡಳಿಯ ನಿರ್ಧಾರ, ವಾರ್ಷಿಕ ಪ್ರಗತಿ ವರದಿಗಳು ಅದರ ಜಾಲತಾಣದಲ್ಲಿ ಸಿಗುತ್ತವೆ. ಬಡ ದೇಶಗಳಿಗಾಗಿ 2001ರಲ್ಲಿ ಶುರುವಾದ ಎಲ್‌ಡಿಸಿಎಫ್ ಎಂಬ ನಿಧಿಯ ಯೋಜನೆಗಳು ಜಾಗತಿಕ ಪರಿಸರ ಸೌಲಭ್ಯ, ಅಂದರೆ ಜಿಇಎಫ್‌ನ ದತ್ತಾಂಶದಲ್ಲಿವೆ. ದೇಶದಿಂದ ದೇಶಕ್ಕೆ ಬಂದ ನೆರವಿಗೆ ಒಇಸಿಡಿಯ ಸಾಲದಾತರ ವರದಿ ದತ್ತಾಂಶ, ಅಂದರೆ ಸಿಆರ್‌ಎಸ್ ನೋಡಬೇಕು. ನೆರವಿನ ಹಣದ ವಿವರ ಬಹಿರಂಗಪಡಿಸಲು ರೂಪಿಸಿದ ಐಎಟಿಐ ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಸಂಸ್ಥೆಗಳು ತಾವೇ ಪ್ರಕಟಿಸುವ ಮಾಹಿತಿ ಜಾಲತಾಣವಾದ ಡಿ-ಪೋರ್ಟಲ್‌ನಲ್ಲಿ ಓದಲು ಸುಲಭ. ಅಲ್ಲಿ ವಹಿವಾಟಿನ ಸಂಕೇತ ಗಮನಿಸಿ: 2 ಎಂದರೆ ಬದ್ಧತೆ (ಕೊಡುವುದಾಗಿ ಒಪ್ಪಂದದಲ್ಲಿ ಬರೆದುಕೊಟ್ಟ ಹಣ), 3 ಎಂದರೆ ಬಿಡುಗಡೆ, 4 ಎಂದರೆ ಖರ್ಚು. ಇವನ್ನು ಒಟ್ಟು ಕೂಡಿದರೆ ಒಂದೇ ಹಣವನ್ನು ಎರಡು ಮೂರು ಸಲ ಎಣಿಸಿದಂತೆ.

ಹೆಜ್ಜೆ 3: ಯಾವ ಹಂತದ ಹಣ ಎಂದು ಕೇಳಿ

ಘೋಷಣೆ, ಬದ್ಧತೆ, ಬಿಡುಗಡೆ, ಖರ್ಚು: ಈ ನಾಲ್ಕರಲ್ಲಿ ಯಾವುದು ಎಂದು ಹೇಳದ ಅಂಕಿಯನ್ನು ವರದಿಗೆ ಸೇರಿಸಲೇಬೇಡಿ. ಪತ್ರಿಕಾ ಹೇಳಿಕೆಗಳಲ್ಲಿ ಬರುವುದು ಬಹುತೇಕ ಮೊದಲೆರಡು, ಕೂಸು ಹುಟ್ಟುವ ಮುನ್ನ ಹೊಲಿಸಿದ ಕುಲಾವಿಗಳು. ಬಿಡುಗಡೆಯಾಯಿತು ಎಂಬ ಮಾತೂ ಪೂರ್ತಿ ನಂಬುವಂಥದ್ದಲ್ಲ. ನಿಧಿಯ ದೃಷ್ಟಿಯಲ್ಲಿ ಬಿಡುಗಡೆಯಾದ ಹಣ ಮಾನ್ಯತೆ ಪಡೆದ ಸಂಸ್ಥೆಯ ಖಾತೆಯಲ್ಲೇ ಎಂಟು ತಿಂಗಳು ಕುಳಿತಿರಬಹುದು. ಅದಕ್ಕೇ ಪ್ರತಿ ಚೌಕಕ್ಕೂ 'ಬಂದ ದಿನ' ಮತ್ತು 'ಹೋದ ದಿನ' ಎಂಬ ಎರಡು ಕಲಂ ಇಡಿ. ಹಣ ಎಲ್ಲಿ ನಿದ್ದೆ ಮಾಡುತ್ತಿದೆ ಎಂಬುದು ಆ ಎರಡು ಕಲಂಗಳ ನಡುವಿನ ಅಂತರದಲ್ಲಿ ಕಾಣುತ್ತದೆ.

ಸಾಲವನ್ನೂ ಅನುದಾನವನ್ನೂ ಬೇರೆ ಬೇರೆ ಕಲಂನಲ್ಲಿ ಬರೆಯಿರಿ. ಸಾಲದ ಮುಖಬೆಲೆಯನ್ನೇ ನೆರವು ಎಂದು ತೋರಿಸುವ ಪದ್ಧತಿ ವ್ಯಾಪಕವಾಗಿದೆ. ಮರಳಿ ಕಟ್ಟಬೇಕಾದ ಅಸಲು, ಬಡ್ಡಿಗಳ ಇಂದಿನ ಮೌಲ್ಯವನ್ನು ಕಳೆದು ಉಳಿಯುವ ಭಾಗಕ್ಕೆ ಅನುದಾನ ಸಮಾನ ಮೌಲ್ಯ ಎನ್ನುತ್ತಾರೆ. ಹೊಂದಾಣಿಕೆಗೂ ಇಂಗಾಲ ತಗ್ಗಿಸುವಿಕೆಗೂ ಹಣ ಸಮಪಾಲು ಎಂಬ ತನ್ನ ಗುರಿಯನ್ನು ಜಿಸಿಎಫ್ ಅಳೆಯುವುದು ಈ ಮೌಲ್ಯದಲ್ಲೇ. ಹಾಗಾಗಿ ಅದರ ಅಂಕಿಯನ್ನು ಬೇರೆ ಸಂಸ್ಥೆಯ ಮುಖಬೆಲೆಯ ಅಂಕಿಯೊಂದಿಗೆ ಹೋಲಿಸಿದರೆ ಲೆಕ್ಕ ಕೆಡುತ್ತದೆ.

ಲೆಕ್ಕ ತಾಳೆಯಾಗದಿರಲು ಎರಡು ನಿರಪರಾಧಿ ಕಾರಣಗಳಿವೆ, ಆರೋಪಕ್ಕೆ ಮುನ್ನ ಅವನ್ನು ನೋಡಿಬಿಡಿ. ಒಂದು, ಹಣಕಾಸು ವರ್ಷ: ನಿಧಿಯದು ಜನವರಿಯಿಂದ, ಸರ್ಕಾರದ್ದು ಬೇರೆ ತಿಂಗಳಿಂದ ಇರಬಹುದು. ಇನ್ನೊಂದು, ವಿನಿಮಯ ದರ. ಮಂಜೂರಾತಿಯ ದಿನ ಡಾಲರಿಗೆ 50 ಇದ್ದ ಸ್ಥಳೀಯ ಹಣ ಖರ್ಚಿನ ದಿನ 60 ಆಗಿದ್ದರೆ, ಅದೇ ಡಾಲರಿಗೆ ಶೇ 20ರಷ್ಟು ಹೆಚ್ಚು ಸ್ಥಳೀಯ ಹಣ ಸಿಕ್ಕಿರುತ್ತದೆ. ಇಲ್ಲಿ ಒಂದು ಒಳ್ಳೆಯ ಪ್ರಶ್ನೆಯೂ ಇದೆ: ಆ ಹೆಚ್ಚುವರಿ ಯಾವ ಕೆಲಸಕ್ಕೆ ಹೋಯಿತು? ಕೇಳುವವರು ಕಡಿಮೆ.

ಹೆಜ್ಜೆ 4: ಇದು ನಿಜವಾಗಿ ಹೊಂದಾಣಿಕೆಯೇ?

ದಾನಿ ದೇಶಗಳು ಒಇಸಿಡಿಗೆ ವರದಿ ಮಾಡುವಾಗ ಪ್ರತಿ ಯೋಜನೆಗೂ ರಿಯೊ ಸೂಚಕ ಎಂಬ ಗುರುತು ಹಾಕುತ್ತವೆ. ಹೊಂದಾಣಿಕೆ ಮುಖ್ಯ ಉದ್ದೇಶವಾದರೆ 2, ಹಲವು ಉದ್ದೇಶಗಳಲ್ಲಿ ಒಂದಾದರೆ 1, ಸಂಬಂಧವಿಲ್ಲದಿದ್ದರೆ 0. ಗುರುತು ಹಾಕುವವರು ಹಣ ಕೊಡುವವರೇ. 1 ಬಿದ್ದ ಯೋಜನೆಯ ಎಷ್ಟು ಪಾಲನ್ನು ಹವಾಮಾನ ಹಣ ಎಂದು ಲೆಕ್ಕಕ್ಕೆ ಹಿಡಿಯಬೇಕು ಎಂಬುದಕ್ಕೆ ಏಕರೂಪ ನಿಯಮ ಇಲ್ಲ: ಐರೋಪ್ಯ ಒಕ್ಕೂಟ ಶೇ 40 ಹಿಡಿಯುತ್ತದೆ, ಪೂರ್ತಿ ಮೊತ್ತವನ್ನೇ ಹಿಡಿದ ದೇಶಗಳೂ ಇವೆ. ಒಂದೇ ಬಗೆಯ 100 ಲಕ್ಷದ ಯೋಜನೆ ಒಂದು ಪಟ್ಟಿಯಲ್ಲಿ 40 ಲಕ್ಷ, ಇನ್ನೊಂದರಲ್ಲಿ 100 ಲಕ್ಷ. ನಿಮ್ಮ ಯೋಜನೆಗೆ ಬಿದ್ದ ಗುರುತು ಯಾವುದು, ಲೆಕ್ಕಕ್ಕೆ ಹಿಡಿದ ಪಾಲು ಎಷ್ಟು ಎಂಬುದನ್ನು ಮೊದಲು ಬರೆದುಕೊಳ್ಳಿ.

ಬಳಿಕ ನೀವೇ ಪರೀಕ್ಷಿಸಿ. ಬಹುಪಕ್ಷೀಯ ಅಭಿವೃದ್ಧಿ ಬ್ಯಾಂಕುಗಳು (ವಿಶ್ವಬ್ಯಾಂಕಿನಂಥವು) ತಮಗೆ ತಾವೇ ಹಾಕಿಕೊಂಡ ಮೂರು ಷರತ್ತುಗಳು ಇಲ್ಲಿ ಕೈಗೆ ಸಿಕ್ಕ ಆಯುಧ. ಆ ಜಾಗದ ಹವಾಮಾನ ಅಪಾಯ ಮತ್ತು ಅದಕ್ಕೆ ಗುರಿಯಾಗುವವರ ವಿವರ ದಾಖಲೆಯಲ್ಲಿರಬೇಕು. ಆ ಅಪಾಯವನ್ನು ಎದುರಿಸುವ ಉದ್ದೇಶ ಸ್ಪಷ್ಟವಾಗಿ ಬರೆದಿರಬೇಕು. ಅಪಾಯಕ್ಕೂ ಪ್ರತಿ ಕಾಮಗಾರಿಗೂ ಇರುವ ಕೊಂಡಿ ಕಾಣಬೇಕು.

ಮೊದಲೆರಡನ್ನು ಯಾವ ಸಲಹೆಗಾರರಾದರೂ ಚೆಂದವಾಗಿ ಬರೆದುಕೊಡುತ್ತಾರೆ. ಮೂರನೆಯದರಲ್ಲಿ ಸಿಕ್ಕಿಬೀಳುತ್ತಾರೆ. ಪೀಠಿಕೆಯಲ್ಲಿ ಮೂರು ಪುಟ ಬರಗಾಲದ ವರ್ಣನೆ ಇರುತ್ತದೆ, ಬಜೆಟ್ ಕೋಷ್ಟಕಕ್ಕೆ ಬಂದರೆ ರಸ್ತೆ ಡಾಂಬರೀಕರಣ. ರಸ್ತೆ ಬೇಡವೆಂದಲ್ಲ. ನೆರೆಯ ನೀರು ಹಾದುಹೋಗಲು ಮೋರಿಗಳನ್ನು ದೊಡ್ಡದು ಮಾಡಿ, ರಸ್ತೆಯ ಮಟ್ಟ ಎತ್ತರಿಸಿದ್ದರೆ ಆ ಹೆಚ್ಚುವರಿ ವೆಚ್ಚ ಹೊಂದಾಣಿಕೆ. ಇಡೀ ರಸ್ತೆಯ ವೆಚ್ಚ ಹೊಂದಾಣಿಕೆಯಾಗದು.

ಬಜೆಟ್ಟಿನ ಪ್ರತಿ ಸಾಲಿಗೂ ಮೂರು ಪ್ರಶ್ನೆ ಕೇಳಿ 0, 1, 2 ಅಂಕ ಕೊಡಿ; ಇದು ಹೊಂದಾಣಿಕೆಯೇ ಎಂದು ಉತ್ತರ ಗಟ್ಟಿಯಾಗಿ ತೋರಿಸಿದಷ್ಟೂ ಅಂಕ ಹೆಚ್ಚು. ಯಾವ ಅಪಾಯಕ್ಕೆ ಇದು ಉತ್ತರ? ಆ ಅಪಾಯ ಇಲ್ಲದಿದ್ದರೂ ಈ ಕೆಲಸ ಹೀಗೆಯೇ ನಡೆಯುತ್ತಿತ್ತೇ? ಹೆಚ್ಚು ತೊಂದರೆಗೊಳಗಾದವರು ಎಂದು ದಾಖಲೆಯೇ ಹೇಳಿದ ಜನರಿಗೆ ಇದರ ಪ್ರಯೋಜನ ತಲುಪುತ್ತದೆಯೇ? ಇಬ್ಬರು ಪ್ರತ್ಯೇಕವಾಗಿ ಅಂಕ ಕೊಟ್ಟು ನಂತರ ತಾಳೆ ನೋಡಬೇಕು. ಅಂಕ ಬೇರೆಯಾದ ಸಾಲುಗಳ ಬಗ್ಗೆ ನಡೆಯುವ ಜಗಳದಲ್ಲೇ ವರದಿಯ ಒಳ್ಳೆಯ ಭಾಗ ಹುಟ್ಟುತ್ತದೆ. ಪ್ರತಿ ಅಂಕದ ಮುಂದೆ ಅದಕ್ಕೆ ಆಧಾರವಾದ ಪುಟಸಂಖ್ಯೆ ಇರಲಿ.

ಹೊಂದಾಣಿಕೆಯ ಹೆಸರಿನಲ್ಲಿ ಅಪಾಯ ಹೆಚ್ಚಿಸುವ ಕೆಲಸಗಳೂ ನಡೆಯುತ್ತವೆ. ನದಿಯ ಒಂದು ದಡಕ್ಕೆ ಕಟ್ಟಿದ ಏರಿ ನೀರನ್ನು ಎದುರು ದಡದ ಮೇಲೆ ನೂಕುತ್ತದೆ. ಬರಕ್ಕೆಂದು ಕೊರೆದ ಆಳದ ಬಾವಿ ಸುತ್ತಲಿನ ತೆರೆದ ಬಾವಿಗಳನ್ನು ಬತ್ತಿಸುತ್ತದೆ. ಯೋಜನೆಯ ಗಡಿಯೊಳಗೆ ಮಾತ್ರ ನೋಡಿದರೆ ಇದು ಕಣ್ಣಿಗೆ ಬೀಳದು; ಗಡಿಯಾಚೆಗಿನ ಎರಡು ಊರಿಗಾದರೂ ಹೋಗಿ ಕೇಳಿ.

ಸರ್ಕಾರದ ಬಜೆಟ್ಟಿನೊಳಗೆ ಹೋದ ಹಣಕ್ಕೆ ಇನ್ನೊಂದು ಗುರುತು ಇರಬಹುದು. ನೇಪಾಳ, ಫಿಲಿಪ್ಪೀನ್ಸ್ ಸೇರಿದಂತೆ ಹಲವು ದೇಶಗಳು ಬಜೆಟ್ ಸಾಲುಗಳಿಗೆ ಹವಾಮಾನ ಸಂಕೇತ ಹಚ್ಚುತ್ತವೆ. ಸಂಕೇತ ಬೀಳುವುದು ಸಾಮಾನ್ಯವಾಗಿ ಅಂದಾಜು ಬಜೆಟ್ಟಿಗೆ. ವರ್ಷಾಂತ್ಯದ ನಿಜವಾದ ಖರ್ಚಿಗೆ ಅದನ್ನು ಹೊಂದಿಸಿ ನೋಡುವ ಕೆಲಸ ನಿಮ್ಮ ಪಾಲಿಗೆ ಉಳಿಯುತ್ತದೆ. ನೀತಿಯಲ್ಲಿ ಬರೆದ ಮಾತು ಇದ್ದರೆ ಅದನ್ನೂ ಅಳತೆಗೋಲು ಮಾಡಿಕೊಳ್ಳಿ: ನೇಪಾಳದ 2011ರ ನೀತಿ ಹವಾಮಾನ ಹಣದ ಶೇ 80ರಷ್ಟು ಸ್ಥಳೀಯ ಮಟ್ಟಕ್ಕೆ ಹೋಗಬೇಕು ಎಂದಿತು, ಅಲ್ಲಿನ ಸಂಘಟನೆಗಳಿಗೆ ಕೇಳಲು ಒಂದು ಗಟ್ಟಿ ಸಂಖ್ಯೆ ಸಿಕ್ಕಿತು.

ಹೆಜ್ಜೆ 5: ಮಾಹಿತಿ ಕೇಳುವ ಕಲೆ

'ಯೋಜನೆಯ ಸಂಪೂರ್ಣ ವಿವರ ನೀಡಿ' ಎಂದು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ ಬರುತ್ತದೆ. ದಾಖಲೆಯ ಹೆಸರು, ಅವಧಿ, ಜಾಗ ಮೂರನ್ನೂ ಹೇಳಿ ಕೇಳಿ: 'ಇಂಥ ಸಂಖ್ಯೆಯ ಯೋಜನೆಯಡಿ, ಇಂಥ ಜಿಲ್ಲೆಯಲ್ಲಿ, ಈ ದಿನಾಂಕದಿಂದ ಆ ದಿನಾಂಕದವರೆಗೆ ಪಾವತಿಯಾದ ಬಿಲ್ಲುಗಳ ಪಟ್ಟಿ, ಕಾಮಗಾರಿಗಳ ಅಳತೆ ಪುಸ್ತಕದ ಪ್ರತಿ, ಫಲಾನುಭವಿಗಳ ಆಯ್ಕೆ ಸಭೆಯ ನಡಾವಳಿ'. ಒಂದು ಅರ್ಜಿಗೆ ಒಂದು ಬಗೆಯ ದಾಖಲೆ ಸಾಕು. ಹತ್ತನ್ನು ಒಟ್ಟಿಗೆ ಕೇಳಿದರೆ ಸಿಗದ ಒಂದರ ನೆಪದಲ್ಲಿ ಉಳಿದ ಒಂಬತ್ತೂ ನಿಲ್ಲುತ್ತವೆ.

ನೂರಕ್ಕೂ ಹೆಚ್ಚು ದೇಶಗಳಲ್ಲಿ ಮಾಹಿತಿ ಹಕ್ಕಿನ ಕಾನೂನಿದೆ. ಪರಿಸರ ಮಾಹಿತಿಯ ಮಟ್ಟಿಗೆ ಮುಖ್ಯವಾಗಿ ಯುರೋಪ್ ಮತ್ತು ಮಧ್ಯ ಏಷ್ಯಾ ದೇಶಗಳ 1998ರ ಆರ್ಹಸ್ ಒಪ್ಪಂದ, ಲ್ಯಾಟಿನ್ ಅಮೆರಿಕ ಮತ್ತು ಕೆರಿಬಿಯನ್ ದೇಶಗಳ 2018ರ ಎಸ್ಕಾಸು ಒಪ್ಪಂದ ಹೆಚ್ಚಿನ ಬಲ ಕೊಡುತ್ತವೆ. ಕಾನೂನು ದುರ್ಬಲವಾದಲ್ಲಿ ಮೇಲಿನ ಕೊಂಡಿಯಿಂದ ಕೇಳಿ. ಇಲಾಖೆ ಕೊಡದ ಪ್ರಗತಿ ವರದಿ ನಿಧಿಯ ಜಾಲತಾಣದಲ್ಲೇ ಇರಬಹುದು.

ಮಂಜೂರಾತಿಗೆ ಮುಂಚೆಯೇ ಕಣ್ಣಿಟ್ಟಿದ್ದರೆ ಇನ್ನೂ ಒಳ್ಳೆಯದು. ಜಿಸಿಎಫ್ ನಿಯಮದಂತೆ ಹೆಚ್ಚಿನ ಪರಿಸರ, ಸಾಮಾಜಿಕ ಅಪಾಯದ 'ಎ' ವರ್ಗದ ಯೋಜನೆಯ ಪರಿಣಾಮ ಅಧ್ಯಯನವನ್ನು ಮಂಡಳಿ ಸಭೆಗೆ ಕನಿಷ್ಠ 120 ದಿನ ಮೊದಲು, 'ಬಿ' ವರ್ಗದ್ದನ್ನು 30 ದಿನ ಮೊದಲು ಪ್ರಕಟಿಸಬೇಕು. ಆ ಅವಧಿಯಲ್ಲಿ ಹೋದ ಎರಡು ಪುಟದ ಆಕ್ಷೇಪಣೆ, ಕೆಲಸ ಮುಗಿದ ಮೇಲಿನ ಇನ್ನೂರು ಪುಟದ ವರದಿಗಿಂತ ಹೆಚ್ಚು ಬದಲಾವಣೆ ತರಬಲ್ಲದು.

ಹೆಜ್ಜೆ 6: ಸ್ಥಳಕ್ಕೆ ಹೋಗಿ ಅಳೆಯಿರಿ

ಕಾಮಗಾರಿ ನಲವತ್ತಿದ್ದರೆ ಎಲ್ಲವನ್ನೂ ನೋಡಬೇಕಿಲ್ಲ. ಪಟ್ಟಿಗೆ ಸಂಖ್ಯೆ ಹಾಕಿ ಚೀಟಿ ಎತ್ತಿ ಹನ್ನೆರಡನ್ನು ಆರಿಸಿ, ಜೊತೆಗೆ ರಸ್ತೆಯಿಂದ ತುಂಬಾ ದೂರದ ಮೂರನ್ನು ಸೇರಿಸಿ. ಅಧಿಕಾರಿಗಳು ಕರೆದುಕೊಂಡು ಹೋಗಿ ತೋರಿಸುವ ಮಾದರಿ ತಾಣ ಈ ಲೆಕ್ಕಕ್ಕೆ ಬರುವುದಿಲ್ಲ. ಪ್ರತಿ ತಾಣದಲ್ಲಿ ಎಂಟು ಹತ್ತು ಮನೆ, ಅವುಗಳಲ್ಲಿ ಅರ್ಧದಷ್ಟು ಫಲಾನುಭವಿ ಪಟ್ಟಿಯಲ್ಲಿ ಇಲ್ಲದವು. ಯಾರು ಹೊರಗುಳಿದರು ಎಂಬುದು ಪಟ್ಟಿಯಲ್ಲಿರುವವರನ್ನು ಕೇಳಿದರೆ ತಿಳಿಯದು. ಹೆಂಗಸರೊಂದಿಗೆ ಪ್ರತ್ಯೇಕವಾಗಿ, ಅವರಿಗೆ ಬಿಡುವಿರುವ ಹೊತ್ತಿನಲ್ಲಿ ಮಾತಾಡಿ.

ಕೈಯಲ್ಲಿ 50 ಮೀಟರ್ ಟೇಪು, ಸ್ಥಳದ ನಿರ್ದೇಶಾಂಕ ದಾಖಲಿಸುವ ಫೋನು, ಅಂದಾಜು ಪಟ್ಟಿಯ ಪ್ರತಿ ಇರಲಿ. ಚಿತ್ರ ತೆಗೆಯುವಾಗ ಅಳತೆಗೋಲು ಚೌಕಟ್ಟಿನೊಳಗೆ ಬರಲಿ.

ಕೆರೆ, ಕೃಷಿಹೊಂಡಗಳಲ್ಲಿ ತಂಡಗಳೇ ಎಡವುವ ಜಾಗ ಒಂದಿದೆ. ಮೇಲ್ಭಾಗದ ಉದ್ದ 50 ಮೀಟರ್, ಅಗಲ 40, ಆಳ 2 ಎಂದು ಗುಣಿಸಿ 4,000 ಘನ ಮೀಟರ್ ಎಂದುಬಿಡುತ್ತಾರೆ. ಬಿಲ್ಲಿನಲ್ಲಿ ಸುಮಾರು 3,480 ಇರುವುದನ್ನು ಕಂಡು ಏನೋ ಮೋಸ ಎಂದುಕೊಳ್ಳುತ್ತಾರೆ. ಹೊಂಡದ ಬದಿ ನೇರ ಗೋಡೆಯಲ್ಲ. ಒಂದು ಮೀಟರ್ ಇಳಿದಾಗ ಒಂದೂವರೆ ಮೀಟರ್ ಒಳಸರಿಯುವ ಇಳಿಜಾರಾದರೆ ತಳ 44 ಮೀಟರ್‌ಗೆ 34 ಮೀಟರ್ ಆಗುತ್ತದೆ. ಮೇಲಿನ ವಿಸ್ತೀರ್ಣ, ನಡುಮಟ್ಟದ ವಿಸ್ತೀರ್ಣದ ನಾಲ್ಕು ಪಟ್ಟು, ತಳದ ವಿಸ್ತೀರ್ಣ ಇವನ್ನು ಕೂಡಿ, ಆಳದಿಂದ ಗುಣಿಸಿ, ಆರರಿಂದ ಭಾಗಿಸಿ: 3,484 ಬರುತ್ತದೆ. ಬಿಲ್ಲು ಸರಿಯಿದೆ. ಬದಲಿಗೆ ಬಿಲ್ಲಿನಲ್ಲೇ 4,000 ಇದ್ದರೆ ಆಗ ಕೇಳಬೇಕು. ಹೂಳು ತುಂಬಿ ಆಳ ಕಡಿಮೆಯಾಗಿರಬಹುದು ಎಂಬುದೂ ನೆನಪಿರಲಿ, ಕೋಲು ಚುಚ್ಚಿ ಗಟ್ಟಿ ತಳ ನೋಡಿ.

ಸಸಿ ನೆಟ್ಟ ಲೆಕ್ಕ ಇನ್ನೂ ಸುಲಭ. ಮೂರು ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ ಸುಮಾರು 1,111 ಸಸಿ, ಹತ್ತಕ್ಕೆ ಹತ್ತು ಮೀಟರ್ ಚೌಕದಲ್ಲಿ ಸರಾಸರಿ ಹನ್ನೊಂದು. ಅಲ್ಲಲ್ಲಿ ಹತ್ತು ಚೌಕ ಗುರುತಿಸಿ ಬದುಕಿರುವುದನ್ನು, ಸತ್ತ ಬುಡವನ್ನು, ಖಾಲಿ ಗುಂಡಿಯನ್ನು ಬೇರೆ ಬೇರೆ ಎಣಿಸಿ. ಸತ್ತ ಸಸಿ ಆರೈಕೆಯ ದೋಷ, ಗುಂಡಿಯೇ ಇಲ್ಲದಿರುವುದು ಲೆಕ್ಕದ ದೋಷ.

ಮುನ್ನೆಚ್ಚರಿಕೆ ವ್ಯವಸ್ಥೆಗೆ ಕಂಬ, ಗಂಟೆ ನೋಡಿ ಬಂದರೆ ಸಾಲದು. ಕಳೆದ ಘಟನೆಯಲ್ಲಿ ಸಂದೇಶ ಹೊರಟ ಹೊತ್ತು, ಕೊನೆಯ ಮನೆಗೆ ತಲುಪಿದ ಹೊತ್ತು, ಅದು ಯಾವ ಭಾಷೆಯಲ್ಲಿತ್ತು, ಫೋನಿಲ್ಲದವರಿಗೆ ಹೇಗೆ ಗೊತ್ತಾಯಿತು ಎಂದು ಕೇಳಿ ನಿಮಿಷಗಳಲ್ಲಿ ಬರೆಯಿರಿ. ಬ್ಯಾಟರಿ ಬದಲಿಸುವವರು ಯಾರು, ಅದಕ್ಕೆ ಹಣ ಯಾವ ಖಾತೆಯಲ್ಲಿದೆ ಎಂಬ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಆ ಕಂಬದ ಆಯುಷ್ಯ ಯೋಜನೆಯ ಕೊನೆಯ ದಿನದವರೆಗೆ ಅಷ್ಟೇ.

ಫಲಾನುಭವಿಗಳ ಸಂಖ್ಯೆಯಲ್ಲಿ ನೇರ, ಪರೋಕ್ಷ ಎಂಬ ಎರಡು ಸಾಲು ಇರುತ್ತವೆ. ಪರೋಕ್ಷ ಎಂದರೆ ಕೆಲವೊಮ್ಮೆ ಇಡೀ ಜಿಲ್ಲೆಯ ಜನಸಂಖ್ಯೆ. ಪರಿಶೀಲಿಸಲು ಬರುವುದು ನೇರ ಸಂಖ್ಯೆ ಮಾತ್ರ. ಅಲ್ಲೂ ಒಬ್ಬರೇ ಮೂರು ತರಬೇತಿಗೆ ಬಂದು ಮೂವರಾಗಿರುವ ಸಾಧ್ಯತೆ ಇದೆ. ಹಾಜರಿ ಪಟ್ಟಿಗಳನ್ನು ಹೆಸರಿನ ಪ್ರಕಾರ ಜೋಡಿಸಿದರೆ ಹೊರಬೀಳುತ್ತದೆ.

ಹೆಜ್ಜೆ 7: ತಾಳೆ ಹಾಕಿ, ಬರೆಯಿರಿ, ಉತ್ತರಕ್ಕೆ ಕಾಯಿರಿ

ಪ್ರತಿ ತಾಣಕ್ಕೂ ಒಂದೇ ಸಾಲಿನಲ್ಲಿ: ಪ್ರಸ್ತಾವದಲ್ಲಿ ಏನಿತ್ತು, ಬಿಲ್ಲಿನಲ್ಲಿ ಏನಿದೆ, ನೆಲದ ಮೇಲೆ ಏನು ಕಂಡಿತು, ಜನ ಏನೆಂದರು. ನಾಲ್ಕೂ ಒಪ್ಪಿದರೆ ಹಾಗೆಂದೇ ಬರೆಯಿರಿ. ಸರಿಯಿರುವುದನ್ನು ಸರಿ ಎಂದು ಹೇಳುವ ವರದಿಯ ತಪ್ಪುಪಟ್ಟಿಗೆ ತೂಕ ಬರುತ್ತದೆ. 'ಭ್ರಷ್ಟಾಚಾರ' ಎಂಬ ಪದವನ್ನು ನೀವು ಬಳಸಬೇಡಿ. 'ಬಿಲ್ಲಿನಲ್ಲಿ 4,000, ಅಳತೆಯಲ್ಲಿ 3,100, ವ್ಯತ್ಯಾಸ 900 ಘನ ಮೀಟರ್' ಎಂದರೆ ಸಾಕು. ಉಳಿದ ಪದವನ್ನು ಓದುಗರೇ ತುಂಬಿಕೊಳ್ಳುತ್ತಾರೆ, ಮಾನನಷ್ಟದ ನೋಟಿಸು ಬರುವ ಸಾಧ್ಯತೆಯೂ ಕಡಿಮೆ.

ಪ್ರಕಟಿಸುವ ಮೊದಲು ಕರಡನ್ನು ಇಲಾಖೆಗೂ ಅನುಷ್ಠಾನ ಸಂಸ್ಥೆಗೂ ಕಳಿಸಿ ಮೂರು ವಾರ ಕೊಡಿ. ಅವರ ಉತ್ತರವನ್ನು ಅನುಬಂಧದಲ್ಲಿ ಪೂರ್ತಿ ಸೇರಿಸಿ. ನಿಮಗೆ ಸಿಗದ ದಾಖಲೆ ಅವರ ಬಳಿ ಇರಬಹುದು, ನಿಮ್ಮದೇ ತಪ್ಪು ಬೀದಿಗೆ ಬರುವ ಮೊದಲು ಸರಿಹೋಗುತ್ತದೆ. ಕರಡಿನಲ್ಲಿ ಮಾತಾಡಿದ ಊರವರ ಹೆಸರು, ಮನೆ ಗುರುತು ಇರಕೂಡದು. ಹತ್ತು ಮನೆಯ ಊರಲ್ಲಿ 'ಒಬ್ಬ ವಿಧವೆ' ಎಂದು ಬರೆದರೂ ಗುರುತು ಸಿಕ್ಕಿಬಿಡುತ್ತದೆ.

ಹೆಜ್ಜೆ 8: ಸರಿಯಾದ ಬಾಗಿಲು ತಟ್ಟಿ

ಯಾವ ದೂರು ಯಾವ ಬಾಗಿಲಿಗೆ ಎಂಬ ಗೊಂದಲದಲ್ಲಿ ಅರ್ಧ ದೂರುಗಳು ಸಾಯುತ್ತವೆ. ಜನರಿಗೆ ಹಾನಿಯಾಗಿದ್ದರೆ, ಆಗುವಂತಿದ್ದರೆ ಜಿಸಿಎಫ್‌ನಲ್ಲಿ ಸ್ವತಂತ್ರ ಪರಿಹಾರ ವ್ಯವಸ್ಥೆ ಇದೆ. ಹಾನಿ ಗೊತ್ತಾದ ದಿನದಿಂದ ಎರಡು ವರ್ಷ, ಅಥವಾ ಯೋಜನೆ ಮುಗಿದ ದಿನದಿಂದ ಎರಡು ವರ್ಷ, ಯಾವುದು ತಡವೋ ಅಲ್ಲಿವರೆಗೆ ದೂರು ಕೊಡಬಹುದು. ನಿಮ್ಮ ಭಾಷೆಯಲ್ಲೇ ಬರೆಯಬಹುದು, ಹೆಸರು ಗುಟ್ಟಾಗಿಡಲು ಕೋರಬಹುದು. ಲಂಚ, ವಂಚನೆಯ ಸುಳಿವಿದ್ದರೆ ಅದೇ ನಿಧಿಯ ಸಮಗ್ರತಾ ಘಟಕಕ್ಕೆ. ಅಡಾಪ್ಟೇಶನ್ ಫಂಡ್‌ಗೂ ಅದರದೇ ದೂರು ವ್ಯವಸ್ಥೆ ಇದೆ. ವಿಶ್ವಬ್ಯಾಂಕಿನ ಹಣವಾದರೆ 1993ರಿಂದ ಇರುವ ಪರಿಶೀಲನಾ ಸಮಿತಿ; ಬಾಧಿತರಾದ ಇಬ್ಬರಾದರೂ ಸೇರಿ ದೂರಬೇಕು, ಯೋಜನೆ ಮುಗಿದು 15 ತಿಂಗಳೊಳಗೆ. ಲೆಕ್ಕದ ವ್ಯತ್ಯಾಸಕ್ಕೆ ದೇಶದ ಮಹಾಲೆಕ್ಕಪರಿಶೋಧಕರ ಕಚೇರಿ ಒಳ್ಳೆಯದು: ಮುಂದಿನ ವರ್ಷದ ತಪಾಸಣಾ ಪಟ್ಟಿ ಸಿದ್ಧವಾಗುವ ಮುನ್ನ ನಿಮ್ಮ ಕೋಷ್ಟಕ ಅವರ ಮೇಜಿನ ಮೇಲಿರಲಿ. ಎಲ್ಲಕ್ಕೂ ಮೊದಲು ಯೋಜನೆಯದೇ ಸ್ಥಳೀಯ ಅಹವಾಲು ಪೆಟ್ಟಿಗೆಗೆ ಒಂದು ಪ್ರತಿ ಹಾಕಿ ಸ್ವೀಕೃತಿ ಪಡೆಯಿರಿ; 'ನಮಗೆ ಹೇಳಲೇ ಇಲ್ಲ' ಎಂಬ ಉತ್ತರಕ್ಕೆ ಅಲ್ಲಿಗೆ ದಾರಿ ಮುಚ್ಚುತ್ತದೆ. ಆದರೆ ಊರವರ ಮೇಲೆ ಸೇಡು ತೀರಿಸಿಕೊಳ್ಳುವ ಭಯವಿದ್ದರೆ ಈ ಮೆಟ್ಟಿಲು ಬಿಟ್ಟು ನೇರವಾಗಿ ಮೇಲೆ ಹೋಗಿ. ಆ ತೀರ್ಮಾನ ಊರವರದೇ ಆಗಿರಬೇಕು.

ಎರಡನೇ ಸುತ್ತಿಗೆ

ಒಂದು ಯೋಜನೆ ದಡ ಸೇರಿದ ಮೇಲೆ ದೇಶಮಟ್ಟದ ಲೆಕ್ಕಕ್ಕೆ ಕೈಹಾಕಬಹುದು. ಪ್ಯಾರಿಸ್ ಒಪ್ಪಂದದ 13ನೇ ವಿಧಿಯಡಿ ಹೆಚ್ಚಿನ ದೇಶಗಳು ಎರಡು ವರ್ಷಕ್ಕೊಮ್ಮೆ ಪಾರದರ್ಶಕತೆ ವರದಿ ಕೊಡಬೇಕು, ಮೊದಲನೆಯದರ ಗಡುವು 2024ರ ಡಿಸೆಂಬರ್ 31 ಆಗಿತ್ತು. ಶ್ರೀಮಂತ ದೇಶಗಳ ವರದಿಯಲ್ಲಿ ಕೊಟ್ಟ ನೆರವಿನ ಕೋಷ್ಟಕ ಇರುತ್ತದೆ, ಪಡೆಯುವ ದೇಶಗಳ ವರದಿಯಲ್ಲಿ ಬಂದ ನೆರವಿನ ಕೋಷ್ಟಕ ಇರಬಹುದು. ಎರಡನ್ನೂ ಅಕ್ಕಪಕ್ಕ ಇಟ್ಟು, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಯೋಜನೆಗಳನ್ನು ಹೆಕ್ಕಿ. ಹಾಗೆ ಸಿಕ್ಕ ಪಟ್ಟಿಯ ಮೊದಲ ಹೆಸರನ್ನೇ ಮುಂದಿನ ವರ್ಷದ ಯೋಜನೆಯಾಗಿ ಆರಿಸಿಕೊಳ್ಳಬಹುದು. ಹಳೆಯ ಯೋಜನೆಯ ಕಡತವನ್ನು ಮಾತ್ರ ಮುಚ್ಚಬೇಡಿ. ಅದು ಮುಗಿದ ಎರಡನೇ ಮಳೆಗಾಲದ ಬಳಿಕ ಅದೇ ಹದಿನೈದು ತಾಣಗಳಿಗೆ ಅದೇ ಟೇಪು ಹಿಡಿದು ಇನ್ನೊಮ್ಮೆ ಹೋಗಿಬನ್ನಿ.